ಬೈಕ್ ಲೈಸೆನ್ಸ್ ಟೆಸ್ಟ್‌ನಲ್ಲಿ 8 ಹಾಕುವಾಗ ಕಾಲು ನೆಲಕ್ಕೆ ಊರಿಬಿಡುತ್ತೇನೆ, ಏನು ಮಾಡಲಿ?

ಬಹಳಷ್ಟು ಸಲ ತಪ್ಪು ಕಾಲಿನದಲ್ಲ, ಕಣ್ಣಿನದು. ಮುಂದಿನ ಚಕ್ರವನ್ನೇ ನೋಡುತ್ತಾ ಕೂತರೆ ಬ್ಯಾಲೆನ್ಸ್ ತಪ್ಪುತ್ತದೆ. ಕತ್ತು ತಿರುಗಿಸಿ ತಿರುವಿನ ಆಚೆ ತುದಿ ನೋಡಿ, ಬೈಕ್ ಅತ್ತಲೇ ಹೋಗುತ್ತದೆ.

ಫಸ್ಟ್ ಗೇರ್ ಸಾಕು. ಕ್ಲಚ್ ಪೂರ್ತಿ ಬಿಡಬೇಡಿ, ಪೂರ್ತಿ ಹಿಡಿಯಲೂ ಬೇಡಿ. ಬೈಕ್ ಮೆಲ್ಲಗೆ ಮುಂದಕ್ಕೆ ಎಳೆಯಲು ಶುರುಮಾಡುವ ಹಂತದಲ್ಲೇ ಲಿವರ್ ನಿಲ್ಲಿಸಿ, ಆಕ್ಸಿಲರೇಟರ್ ಒಂದೇ ಸಮ ಕೊಡಿ. ವೇಗ ಹೆಚ್ಚಾಯಿತೆನಿಸಿದರೆ ಹಿಂದಿನ ಬ್ರೇಕ್ ಲಘುವಾಗಿ ಒತ್ತಿ. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಜೋರಾಗಿ ಹಿಡಿದಿರೋ, ಬಿದ್ದಿರಿ ಅಂತಲೇ ಲೆಕ್ಕ.

‘ಗೇರ್ ಇಲ್ಲದ ಸ್ಕೂಟರ್‌ನಲ್ಲಿ ಟೆಸ್ಟ್ ಕೊಟ್ಟರಾಯ್ತು’ ಅನ್ನುವ ಸಲಹೆಯೂ ಸಿಗುತ್ತದೆ. ಕೇಳುವ ಮುನ್ನ ನಿಯಮ ನೋಡಿ: ಎಷ್ಟೋ ದೇಶಗಳಲ್ಲಿ ಆ ಲೈಸೆನ್ಸ್ ಇಟ್ಟುಕೊಂಡು ಗೇರ್ ಬೈಕ್ ಓಡಿಸುವಂತಿಲ್ಲ.