ತಂಗಿ ಸಿನಿಮಾ ಸ್ಟಂಟ್‌ಗೆ ಹೋಗ್ತೀನಿ ಅಂತಾಳೆ, ಕಳಿಸಬಹುದಾ?

ತಂಗಿ ಕರಾಟೆಯಲ್ಲಿ ಬ್ಲ್ಯಾಕ್ ಬೆಲ್ಟ್, ಡ್ಯೂಪ್ ಆಗ್ತೀನಿ ಅಂತ ಹಟ ಹಿಡಿದಿದ್ದಾಳೆ, ಮನೆಯಲ್ಲಿ ಎಲ್ಲರಿಗೂ ಭಯ ಅಂತ ಬರೆದಿದ್ದೀರಿ. ಒಂಬತ್ತು ವರ್ಷ ಆ ಕೆಲಸ ಮಾಡಿದವಳು ನಾನು. ನನ್ನ ಎಡ ಮೊಣಕೈ ಇವತ್ತಿಗೂ ಪೂರ್ತಿ ಚಾಚಲು ಬರಲ್ಲ. ಅದರ ಕಥೆ ಕೇಳಿ.

ಮದುವೆ ಮನೆ ಫೈಟು. ಹನ್ನೆರಡು ಗ್ರಾನೈಟ್ ಮೆಟ್ಟಿಲು. ಮೊದಲು ವಿಲನ್ ಕಡೆಯ ಇಬ್ಬರು ಹುಡುಗರು ಉರುಳಿದರು. ಜೀನ್ಸು, ಜಾಕೆಟ್ಟು, ಅದರೊಳಗೆ ಮಂಡಿಗೆ, ಸೊಂಟಕ್ಕೆ, ಬೆನ್ನಿಗೆ, ಮೊಣಕೈಗೆ ಪ್ಯಾಡು. ಎದ್ದು ಧೂಳು ಕೊಡವಿಕೊಂಡು ಟೀ ಕುಡಿಯೋಕೆ ಹೋದರು. ಆಮೇಲೆ ಹೀರೋಯಿನ್ ಬದಲು ನಾನು. ತೋಳಿಲ್ಲದ ರವಿಕೆ, ಮೈಗಂಟಿದ ಷಿಫಾನ್ ಸೀರೆ. ಮಂಡಿಗೆ ಹೇಗೋ ಕಟ್ಟಿಕೊಂಡೆ. ಸೊಂಟದ ಪ್ಯಾಡ್ ಉಬ್ಬಿ ಕಾಣುತ್ತೆ ಅಂತ ಬಿಚ್ಚಿಸಿದರು. ಮೊಣಕೈಗಂತೂ ಮರೆ ಮಾಡೋಕೆ ಬಟ್ಟೆಯೇ ಇಲ್ಲ. ಮೊದಲ ಟೇಕ್ ಸಲೀಸಾಗಿ ಆಯ್ತು. ಮುಖ ಕಂಡುಬಿಡ್ತು, ಒನ್ ಮೋರ್ ಅಂದರು. ಎರಡನೇ ಸಲ ಮೆಟ್ಟಿಲ ಅಂಚಿಗೆ ಮೊಣಕೈ ಬಡಿದ ಸದ್ದು ನನಗೇ ಕೇಳಿಸಿತು. ಆ ಟೇಕೇ ಓಕೆ ಆಯ್ತು ಅನ್ನಿ.

ಹೆಂಗಸರಿಗೆ ಈ ಕೆಲಸ ಯಾಕೆ ಕಷ್ಟ ಅಂದರೆ ಜನ ಧೈರ್ಯದ ಮಾತು ತೆಗೀತಾರೆ. ನನ್ನ ಲೆಕ್ಕದಲ್ಲಿ ಎಲ್ಲಾ ಇರೋದು ಬಟ್ಟೆಯಲ್ಲೇ. ಬೀಳೋ ವಿದ್ಯೆ ಇಬ್ಬರಿಗೂ ಒಂದೇ, ಮೆಟ್ಟಿಲೂ ಒಂದೇ. ಅಮೆರಿಕದಲ್ಲಿ ಜೀನಿ ಎಪ್ಪರ್ ಅಂತ ದೊಡ್ಡ ಹೆಸರು. 1970ರ ದಶಕದ ವಂಡರ್ ವುಮನ್ ಧಾರಾವಾಹಿಯಲ್ಲಿ ಲಿಂಡಾ ಕಾರ್ಟರ್‌ಗೆ ಡ್ಯೂಪ್. ಆ ವೇಷ ನೋಡಿ, ತೋಳು, ತೊಡೆ, ಬೆನ್ನು ಎಲ್ಲಾ ಬರಿಮೈ. ಪ್ಯಾಡ್ ಎಲ್ಲಿ ಕಟ್ಟೋದು?

ಇನ್ನೊಂದು ತಲೆನೋವು ವಿಗ್. ಎಷ್ಟೋ ಸಲ ತೆಳ್ಳಗಿನ ಫೈಟರ್ ಹುಡುಗನಿಗೇ ಜಡೆ ಹಾಕಿ ಕೆಲಸ ಮುಗಿಸಿಬಿಡ್ತಾರೆ. ದೂರದ ಶಾಟಲ್ಲಿ ಯಾರಿಗೆ ಗೊತ್ತಾಗುತ್ತೆ ಅಂತ. ನನಗೆ ಗೊತ್ತಾಗುತ್ತೆ, ಓಡೋ ರೀತೀಲೇ! ಹಾಗೆ ನಮ್ಮ ಒಂದು ದಿನದ ಸಂಬಳ ಹೋಗುತ್ತೆ. ಇಲ್ಲಿ ತಿಂಗಳ ಸಂಬಳ ಅನ್ನೋದಿಲ್ಲ, ಕರೆದ ದಿನಕ್ಕೆ ದುಡ್ಡು. ಮನೇಲಿ ಕೂತ ದಿನಕ್ಕೆ ಏನೂ ಇಲ್ಲ, ಕಟ್ಟು ಹಾಕಿಸಿಕೊಂಡು ಕೂತರೂ ಅಷ್ಟೆ. ಮೊಣಕೈ ಏಟಾದಾಗ ಆಸ್ಪತ್ರೆ ಖರ್ಚು ಕೊಟ್ಟರು, ಆಮೇಲಿನ ಮೂರು ತಿಂಗಳು ನನ್ನ ಅಣ್ಣ ಸಾಕಿದ.

ಹೆಂಗಸರು ಈ ಕೆಲಸಕ್ಕೆ ಹೊಸಬರೇನಲ್ಲ. ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ, 1975ರಲ್ಲಿ ಬಂದ ಶೋಲೆಯ ಟಾಂಗಾ ಓಟ ನೋಡಿರ್ತೀರಿ. ಅಲ್ಲಿ ಹೇಮಾ ಮಾಲಿನಿಗೆ ಡ್ಯೂಪ್ ಆಗಿದ್ದವರು ರೇಷ್ಮಾ ಪಠಾಣ್. ಟಾಂಗಾ ಮಗುಚಿ ಜೋರು ಏಟು ಬಿದ್ದಿತ್ತು. ಆ ಸೀನಿಗೆ ಶಿಳ್ಳೆ ಹೊಡೆದ ಎಷ್ಟು ಜನಕ್ಕೆ ಆಕೆಯ ಹೆಸರು ಗೊತ್ತು? ಹಾಲಿವುಡ್‌ನಲ್ಲೇ ಸ್ಟಂಟ್‌ಗೆ ಆಸ್ಕರ್ ಸಿಗೋದು ಇನ್ನು ಮುಂದೆ, 2028ರ ಸಮಾರಂಭದಿಂದ.

ಈಗ ನಿಮ್ಮ ತಂಗಿ ವಿಚಾರ. ಕಳಿಸಿ. ಆದರೆ ಬರೀ ಕರಾಟೆ ಸಾಲದು. ಬೈಕು, ಕಾರು ಚೆನ್ನಾಗಿ ಓಡಿಸೋಕೆ ಬರಲಿ, ಈಜು ಬರಲೇಬೇಕು. 2016ರ ನವೆಂಬರ್‌ನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಸಿನಿಮಾ ಶೂಟಿಂಗ್‌ಗಾಗಿ ಹೆಲಿಕಾಪ್ಟರ್‌ನಿಂದ ಜಿಗಿದ ಇಬ್ಬರು ಮುಳುಗಿ ಸತ್ತರು. ಲೈಫ್ ಜಾಕೆಟ್ ಇರಲಿಲ್ಲ. ಆ ಸುದ್ದಿ ಬಂದ ರಾತ್ರಿ ನಮ್ಮಮ್ಮ ಫೋನ್ ಮಾಡಿ, "ನಿಂಗೆ ಆಗಲ್ಲ ಅನ್ನೋಕೆ ಬರುತ್ತೇನೇ?" ಅಂತ ಕೇಳಿದರು. ಬರುತ್ತಿರಲಿಲ್ಲ. ಆಮೇಲೆ ಕಲಿತೆ. "ಮಾಸ್ಟ್ರೇ, ಇದು ರಿಹರ್ಸಲ್ ಇಲ್ಲದೆ ಆಗಲ್ಲ" ಅಂದಾಗ ಒಂದೆರಡು ಕಡೆ ಮತ್ತೆ ಕರೆಯಲಿಲ್ಲ, ನಿಜ.

ಶೂಟಿಂಗ್ ಹಿಂದಿನ ದಿನವೇ ಕಾಸ್ಟ್ಯೂಮ್ ಹುಡುಗರಿಗೆ ಫೋನ್ ಮಾಡಿ ಬಟ್ಟೆ ಯಾವುದು ಅಂತ ಕೇಳೋದನ್ನ ಅಭ್ಯಾಸ ಮಾಡಿಕೊಳ್ಳಲಿ. ಮುಕ್ಕಾಲು ತೋಳು ಹೊಲಿಸೋಕೆ ಆಗ ಸಮಯ ಇರುತ್ತೆ, ಸೆಟ್‌ಗೆ ಹೋದ ಮೇಲೆ ಇರಲ್ಲ. ಮತ್ತೆ ಪ್ಯಾಡ್ ನೀವೇ ಕೊಡಿಸಿ. ಸ್ಕೇಟಿಂಗ್‌ನವರ ದಪ್ಪ ಚಿಪ್ಪಿನದು ಬೇಡ, ವಾಲಿಬಾಲ್‌ನವರು ಹಾಕ್ತಾರಲ್ಲ, ಆ ತೆಳ್ಳಗಿನದು. ಸೀರೆಯೊಳಗೆ ಉಬ್ಬಿ ಕಾಣಲ್ಲ.