ಬೆಣ್ಣೆ ಬೇಡ, ಬಾಯಿ ಬೇಕು

ಪತ್ರ: ‘ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಕಡತ ಬಾಕಿ ಇಟ್ಟವಳಲ್ಲ. ನನ್ನ ನಂತರ ಬಂದವರೊಬ್ಬರು ಸಾಹೇಬರ ಮನೆಗೆ ಪೇಡಾ ಮುಟ್ಟಿಸುತ್ತ, ಅಂದದ್ದಕ್ಕೆಲ್ಲ “ಹೌದ್ರೀ ಸರ್” ಎನ್ನುತ್ತ ಮುಂದೆ ಹೋಗುತ್ತಿದ್ದಾರೆ. ಸ್ವಯಂ ಮೌಲ್ಯಮಾಪನದ ಜಾಗದಲ್ಲಿ ನಾನು ಪ್ರತಿವರ್ಷ “ವಹಿಸಿದ ಕೆಲಸ ಮಾಡಿದ್ದೇನೆ” ಎಂದಷ್ಟೇ ಬರೆಯುತ್ತೇನೆ. ನಮ್ಮನ್ನು ನಾವೇ ಹೊಗಳಿಕೊಳ್ಳುವುದು ನನಗೆ ಸೇರದು. ಕಳೆದ ಸೋಮವಾರ ವಾರ್ಷಿಕ ವರದಿ ಕೈಗೆ ಬಂತು: 5.5 ಅಂಕ. ಕಾಯಕವೇ ಕೈಲಾಸ ಎಂದು ಬಸವಣ್ಣ ಹೇಳಿದ್ದು ನನ್ನಂಥವರನ್ನು ಮೂಲೆಗೆ ಕೂರಿಸಲಿಕ್ಕೇ? ನಾನೂ ಬೆಣ್ಣೆ ಹಚ್ಚುವುದು ಕಲಿಯಬೇಕೇ?’ – ಹೆಸರು ಬೇಡ, ಹುಬ್ಬಳ್ಳಿ

ಸಂಪಾದಕರ ಉತ್ತರ: ಕಲಿಯಬೇಡಿ. ಹನ್ನೊಂದು ವರ್ಷ ಬರದ ವಿದ್ಯೆ ಈಗ ಬರುವುದಿಲ್ಲ, ಬಲವಂತಕ್ಕೆ ಹಚ್ಚಿದ ಬೆಣ್ಣೆಯ ವಾಸನೆ ಸಾಹೇಬರಿಗೂ ಬಡಿಯುತ್ತದೆ. ಬೆಣ್ಣೆಯಿಂದ ಏನೂ ಆಗದು ಅಂತ ಮಾತ್ರ ಸುಳ್ಳು ಹೇಳಲಾರೆ. ಆಗುತ್ತದೆ, ಕಂಡಿದ್ದೇನೆ. ಆದರೆ ಪೇಡಾದವರ ಪತ್ರ ನನಗೆ ಬಂದಿಲ್ಲ. ಅವರು ಕೆಲಸವನ್ನೂ ಮಾಡುತ್ತಾರೋ ಏನೋ. ಅವರನ್ನು ಬಿಟ್ಟುಬಿಡೋಣ.

ನನ್ನನ್ನು ತಡೆದು ನಿಲ್ಲಿಸಿದ್ದು ‘ವಹಿಸಿದ ಕೆಲಸ ಮಾಡಿದ್ದೇನೆ’ ಎಂಬ ಸಾಲು. ನಿಮ್ಮ ಸಂಕೋಚಕ್ಕೆ ಪ್ರಾಮಾಣಿಕತೆ ಎಂದು ಹೆಸರಿಟ್ಟುಕೊಂಡಿದ್ದೀರಿ. ನಾನೂ ಇಟ್ಟುಕೊಂಡಿದ್ದೆ. ದಿನಪತ್ರಿಕೆಯೊಂದರ ರಾತ್ರಿ ಪಾಳಿಯಲ್ಲಿ ಆರು ವರ್ಷ ಜಿಲ್ಲಾ ಪುಟ ಮಾಡಿದ ಮೇಲೆ, ‘ಜಿಲ್ಲಾ ಪುಟ ಯಾರು ನೋಡ್ತಾರ್ರೀ?’ ಎಂದು ನಮ್ಮ ಮುಖ್ಯಸ್ಥರು ನನ್ನನ್ನೇ ಕೇಳಿದರು! ತಿಂಗಳುಗಟ್ಟಲೆ ಕುದಿದೆ. ಆರು ವರ್ಷ ಬಾಯಿ ಬಿಡದವನು ನಾನೇ ಎಂಬುದು ಹೊಳೆದದ್ದು ಎಷ್ಟೋ ಕಾಲದ ಮೇಲೆ.

ಅಂದಹಾಗೆ, ಕಾಯಕವೇ ಕೈಲಾಸ ಎಂಬ ಮಾತು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಕಾಯಕದಲ್ಲಿ ನಿರತನಾದವನು ಗುರುದರ್ಶನವನ್ನೂ ಮರೆಯಬೇಕು, ಜಂಗಮ ಎದುರು ನಿಂತರೂ ಹಂಗು ಹರಿಯಬೇಕು ಎನ್ನುತ್ತಾನೆ. ಗುರುವಿನ ಹಂಗೇ ಇಲ್ಲದಲ್ಲಿ ಸಾಹೇಬರದು ಯಾವ ಲೆಕ್ಕ? ಆದರೆ ಅವನ ಹೆಂಡತಿ ಲಕ್ಕಮ್ಮನನ್ನೂ ನೆನೆಯಿರಿ. ಗಂಡ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಈ ಆಸೆ ನಮಗೇಕೆ, ಅಲ್ಲೇ ಸುರಿದು ಬನ್ನಿ ಎಂದು ಮುಖಕ್ಕೇ ಹೇಳಿದವಳು. ಒಳಗೊಳಗೇ ನೊಂದುಕೊಂಡು ಅದನ್ನೇ ಬೇಯಿಸಿ ಬಡಿಸಲಿಲ್ಲ.

ಇನ್ನು ನಿಮ್ಮ 5.5. ಹತ್ತಕ್ಕೆ ನಾಲ್ಕರಿಂದ ಆರರೊಳಗೆ ಬಂದರೆ ‘ಗುಡ್’. ಕೇಳಲು ಚೆಂದ, ಬಡ್ತಿಗೆ ‘ವೆರಿ ಗುಡ್’ ಬೇಕಾದಲ್ಲಿ ಅದೇ ಉರುಳು. ಗಡಿ ರಸ್ತೆಗಳ ಇಲಾಖೆಯ ಎಂಜಿನಿಯರ್ ದೇವ್ ದತ್ ಅವರಿಗೆ ಐದು ವರ್ಷಗಳ ಪೈಕಿ ನಾಲ್ಕರಲ್ಲಿ ‘ವೆರಿ ಗುಡ್’ ಇತ್ತು, 1993–94ರಲ್ಲಿ ಮಾತ್ರ ‘ಗುಡ್’. ಅದನ್ನು ಅವರಿಗೆ ತಿಳಿಸಲೂ ಇಲ್ಲ. ಬಡ್ತಿ ಹೋಯಿತು. ಅವರು ಕೋರ್ಟಿಗೆ ಹೋದರು. ನೌಕರನ ವರದಿಯಲ್ಲಿ ಬರೆದದ್ದು ಒಳ್ಳೆಯದಿರಲಿ ಕೆಟ್ಟದ್ದಿರಲಿ, ಅವನಿಗೆ ತಿಳಿಸಲೇಬೇಕು ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ ಅವರು ನಿವೃತ್ತರಾಗಿಬಿಟ್ಟಿದ್ದರು. ಮರುವರ್ಷ ಕೇಂದ್ರದ ಆದೇಶ ಬಂತು: ವರದಿಯನ್ನು ಪೂರ್ತಿ ತೋರಿಸಬೇಕು, ಒಪ್ಪಿಗೆಯಾಗದಿದ್ದರೆ ನೌಕರರು ಹದಿನೈದು ದಿನದೊಳಗೆ ಮನವಿ ಕೊಡಬಹುದು. ಸೋಮವಾರ ನಿಮ್ಮ ಕೈಗೆ ಬಂದ ಆ ಹಾಳೆ ಹಾಗೆ ಬಂದದ್ದು.

ಮನವಿ ಬರೆಯಿರಿ. ಪೇಡಾ ವಿಷಯ ಬೇಡ, ‘ನಿಷ್ಠೆಯಿಂದ’, ‘ಹಗಲಿರುಳೆನ್ನದೆ’ ಮುಂತಾದ ಸನ್ಮಾನಪತ್ರದ ಶಬ್ದಗಳೂ ಬೇಡ. ಎಷ್ಟು ಕಡತ ಬಂದವು, ಎಷ್ಟು ದಿನದಲ್ಲಿ ಮೇಲೆ ಹೋದವು, ಎಷ್ಟು ಹಳೆಯ ಆಡಿಟ್ ಆಕ್ಷೇಪಣೆ ತೀರಿಸಿದಿರಿ, ಯಾವುದು ತೀರಲಿಲ್ಲ, ಏಕೆ. ತೀರದ್ದನ್ನೂ ಬರೆಯುವುದರಿಂದ ಉಳಿದದ್ದಕ್ಕೆ ತೂಕ ಬರುತ್ತದೆ. ಕಡತದ ಸಂಖ್ಯೆ, ತಾರೀಖು ಹಾಕಿ. ಇದನ್ನು ಓದಿ ಹೊಗಳಿಕೊಂಡಿದ್ದಾರೆ ಎಂದು ಯಾರಾದರೂ ಅಂದರೆ, ಹೊಗಳಿದ್ದು ಲೆಕ್ಕಪುಸ್ತಕ ಎನ್ನಿ. ಅಂಕ ಏರುತ್ತದೆಂಬ ಭರವಸೆ ನಾನು ಕೊಡಲಾರೆ. ಮುಂದಿನ ವರ್ಷದ ಸ್ವಯಂ ಮೌಲ್ಯಮಾಪನಕ್ಕಂತೂ ಕರಡು ಸಿದ್ಧವಿರುತ್ತದೆ.

ಈ ಸಂಚಿಕೆ ಅಂಗಡಿಗೆ ಬರುವಷ್ಟರಲ್ಲಿ ನಿಮ್ಮ ಹದಿನೈದು ದಿನ ಮುಗಿದಿರುತ್ತವೆ. ಹಾಗಾಗಿ ಇದರ ಒಂದು ಪ್ರತಿಯನ್ನು ನಿನ್ನೆಯೇ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದೇನೆ.