ಕಾಳಿಯಲ್ಲಿ ರಾಫ್ಟ್ ಸರಿ, ಘಟಪ್ರಭೆಯ ಬಾಂದಾರದ ಮೇಲೆ ಯಾಕೆ ಬೇಡ?

ಓದುಗರು ಕೇಳಿದ್ದಾರೆ, ಬಲ್ಲವರು ಹೇಳಿದ್ದಾರೆ. ಈ ಸಲದ ವಿಷಯ ರಾಫ್ಟಿಂಗ್, ಅಂದರೆ ಗಾಳಿ ತುಂಬಿದ ದೋಣಿಯಲ್ಲಿ (ರಾಫ್ಟ್) ಸೆಳವಿನ ಹೊಳೆ ಇಳಿಯುವ ಆಟ.

ಮಳಿಗಾಲದಾಗ ಘಟಪ್ರಭಾ ತುಂಬಿ ಹರೀತದ. ನಾವು ಆರು ಮಂದಿ ಗೆಳೆಯರು, ಎಲ್ಲಾರಿಗೂ ಈಜು ಬರ್ತದ. ಟ್ರ್ಯಾಕ್ಟರ್ ಟ್ಯೂಬ್ ನಾಕು ಕಟ್ಟಿ, ಮ್ಯಾಲೆ ಹಲಗಿ ಹಾಕಿ, ಬಾಂದಾರ ದಾಟಿ ಹೋಗಬೇಕಂತ ಮಾಡೀವಿ. ದಾಂಡೇಲಿಗೆ ಹೋಗಿ ರೊಕ್ಕ ಯಾಕ ಕೊಡಬೇಕು?
— ಡಿಗ್ರಿ ವಿದ್ಯಾರ್ಥಿ, ಮುಧೋಳ

ಬೇಡ. ರೊಕ್ಕದ ಲೆಕ್ಕ ಆಮೇಲೆ ಮಾಡೋಣ, ಮೊದಲು ಬಾಂದಾರದ, ಅಂದರೆ ಹೊಳೆಗೆ ಅಡ್ಡ ಕಟ್ಟಿದ ಗೋಡೆಯ, ಲೆಕ್ಕ ನೋಡಿ.

ಗೋಡೆಯ ಮೇಲಿಂದ ಬಿದ್ದ ನೀರು ಸೀದಾ ಮುಂದಕ್ಕೆ ಹರಿದು ಹೋಗುವುದಿಲ್ಲ. ತಳಕ್ಕೆ ಧುಮುಕಿ, ಕೆಲವು ಮೀಟರ್ ಮುಂದೆ ಬುಗ್ಗೆಯ ಹಾಗೆ ಮೇಲೇಳುತ್ತದೆ. ಅಲ್ಲಿ ಅದು ಎರಡಾಗಿ ಒಡೆಯುತ್ತದೆ: ಒಂದು ಪಾಲು ಮುಂದಕ್ಕೆ, ಇನ್ನೊಂದು ಪಾಲು ತಿರುಗಿ ಗೋಡೆಯ ಬುಡಕ್ಕೆ. ಇದನ್ನು ನೋಡಲು ನೀರಿಗೆ ಇಳಿಯಬೇಕಿಲ್ಲ. ದಂಡೆಯ ಮೇಲೆ ಹತ್ತು ನಿಮಿಷ ನಿಲ್ಲಿ. ಯಾರೋ ಹೊಳೆಗೆ ಬಿಟ್ಟ ತೆಂಗಿನಕಾಯಿ, ಪ್ಲಾಸ್ಟಿಕ್ ಬಾಟಲಿ, ಒಂದು ಮರದ ತುಂಡು ಗೋಡೆಯ ಬುಡದಲ್ಲೇ ಮುಳುಗುತ್ತ, ಏಳುತ್ತ, ಮತ್ತೆ ಗೋಡೆಗೆ ಬಡಿಯುತ್ತ ಉರುಳುತ್ತಿರುತ್ತವೆ. ಗಂಟೆ ಕಳೆದರೂ ಅಲ್ಲೇ ಇರುತ್ತವೆ. ಮನುಷ್ಯ ಬಿದ್ದರೂ ಅದೇ ಗತಿ. ಆ ನೀರು ಗಾಳಿ ಬೆರೆತ ನೊರೆ; ನೊರೆಯಲ್ಲಿ ಲೈಫ್ ಜಾಕೆಟ್ ಕೂಡ ಪೂರ್ತಿ ತೇಲಿಸುವುದಿಲ್ಲ, ಈಜುವ ಕೈಗೆ ಹಿಡಿತವೂ ಸಿಗುವುದಿಲ್ಲ. ನಿಮಗೆಲ್ಲ ಈಜು ಬರುತ್ತದೆ ಎನ್ನುವುದು ಬಾವಿಯಲ್ಲಿ, ಕಾಲುವೆಯಲ್ಲಿ ಉಪಯೋಗಕ್ಕೆ ಬರುವ ಮಾತು.

ದಾಂಡೇಲಿಯ ಕಾಳಿ ನದಿಯ ಬಂಡೆಗಳ ಹಿಂದೆಯೂ ಇಂಥ ತಿರುಗು ನೀರು ಇದೆ. ಆದರೆ ಅದರ ಅಗಲ ಬಂಡೆಯಷ್ಟೇ. ಎಡಕ್ಕೋ ಬಲಕ್ಕೋ ಸರಿದರೆ ಪಕ್ಕದ ಸೆಳವೇ ನಿಮ್ಮನ್ನು ಹೊರಗೆ ಎಳೆದುಕೊಳ್ಳುತ್ತದೆ. ಬಾಂದಾರ ಈ ದಂಡೆಯಿಂದ ಆ ದಂಡೆಗೆ ಎಳೆದ ಒಂದೇ ಗೆರೆ. ಪಕ್ಕಕ್ಕೆ ಬಾಗಿಲು ಇಲ್ಲ. ಇನ್ನೂ ಕೆಟ್ಟದ್ದೆಂದರೆ, ಮೇಲಿನಿಂದ ತೇಲಿ ಬರುವವರಿಗೆ ಗೋಡೆ ಕಾಣುವುದೇ ಇಲ್ಲ. ನೀರು ಮುಂದೆ ಸಪಾಟಾಗಿ ಹೋಗಿ ಒಂದು ಗೆರೆಯಲ್ಲಿ ಮುಗಿದಂತೆ ಕಾಣುತ್ತದೆ, ಅಷ್ಟೇ. ಗೊತ್ತಾಗುವ ಹೊತ್ತಿಗೆ ದಂಡೆಗೆ ಹೋಗುವಷ್ಟು ಹೊತ್ತು ಉಳಿದಿರುವುದಿಲ್ಲ.

ಗೇಟು ತೆರೆದ ಬ್ಯಾರೇಜಿನಲ್ಲಿ ಗೋಡೆ ಇಲ್ಲವಲ್ಲ ಎನ್ನಬಹುದು. ಅಲ್ಲಿ ಕಂಬಗಳಿವೆ. ಕಟ್ಟಿದ ಟ್ಯೂಬು ಅಡ್ಡಲಾಗಿ ಎರಡು ಕಂಬಕ್ಕೆ ಸಿಕ್ಕರೆ ನೀರು ಅದನ್ನು ಅಲ್ಲೇ ಒತ್ತಿ ಹಿಡಿಯುತ್ತದೆ. ನೀರಿನ ವೇಗ ಎರಡು ಪಟ್ಟಾದರೆ ಒತ್ತುವ ಬಲ ನಾಲ್ಕು ಪಟ್ಟಾಗುತ್ತದೆ. ಪತ್ರಿಕೆಯಲ್ಲಿ ಓದುವ ಕ್ಯೂಸೆಕ್ ಲೆಕ್ಕವನ್ನೇ ತೆಗೆದುಕೊಳ್ಳಿ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28.3 ಲೀಟರ್. ಹೊಳೆಗೆ 10,000 ಕ್ಯೂಸೆಕ್ ಬಿಟ್ಟಿದ್ದಾರೆ ಎಂದರೆ ಪ್ರತಿ ಸೆಕೆಂಡಿಗೆ 283 ಟನ್ ನೀರು ಹಾಯುತ್ತಿದೆ. ಜೋಡಿ ಟ್ರೇಲರಿನ ಕಬ್ಬಿನ ಟ್ರ್ಯಾಕ್ಟರ್ ಹತ್ತಕ್ಕೂ ಹೆಚ್ಚು, ಒಂದೊಂದು ಸೆಕೆಂಡಿಗೆ! ಅದೂ ನಿಮ್ಮ ಊರಲ್ಲಿ ಹನಿ ಮಳೆ ಇಲ್ಲದ ದಿನವೂ ಬರಬಹುದು. ಹಿಡಕಲ್‌ನಲ್ಲಿ ಅಣೆಕಟ್ಟಿನ ಗೇಟು ಎತ್ತಿದರೆ ಸಾಕು.

ದಂಡೆಗೆ ಬಂದರೆ ಬದುಕಿದೆವು ಎನ್ನುವಂತೆಯೂ ಇಲ್ಲ. ತುಂಬಿದ ಹೊಳೆಯ ದಂಡೆಯಲ್ಲಿ ಬಳ್ಳಾರಿ ಜಾಲಿ ಅರ್ಧ ಮುಳುಗಿರುತ್ತದೆ. ನೀರು ಕೊಂಬೆಗಳ ನಡುವೆ ಸೋಸಿ ಹೋಗುತ್ತದೆ, ಮನುಷ್ಯ ಸಿಕ್ಕಿಬೀಳುತ್ತಾನೆ. ಪಂಪ್‌ಸೆಟ್ಟಿನ ಪೈಪು, ಕೇಬಲ್ಲು ನೀರೊಳಗೇ ಇರುತ್ತವೆ. ಟ್ರ್ಯಾಕ್ಟರ್ ಟ್ಯೂಬಿಗೆ ಇರುವುದು ಒಂದೇ ಗಾಳಿಯ ಕೋಣೆ: ಒಂದು ಜಾಲಿ ಮುಳ್ಳು, ಕಥೆ ಮುಗಿಯಿತು.

ಬಾಂದಾರದ ಕೆಳಗೆ ಯಾರಾದರೂ ಬಿದ್ದದ್ದು ಕಂಡರೆ ನೀವು ಇಳಿಯಬೇಡಿ. 112ಕ್ಕೆ ಫೋನ್ ಮಾಡಿ, ದಂಡೆಯಿಂದ ಹಗ್ಗ ಎಸೆಯಿರಿ. ಹಗ್ಗದ ತುದಿಗೆ ಮುಚ್ಚಳ ಬಿಗಿದ ಖಾಲಿ ಕೊಡ ಕಟ್ಟಿದರೆ ದೂರಕ್ಕೂ ಹೋಗುತ್ತದೆ, ತೇಲುತ್ತಲೂ ಇರುತ್ತದೆ.

ನನಗೆ ಈಜು ಬರುವುದಿಲ್ಲ, ತೂಕ 72 ಕೆಜಿ. ಲೈಫ್ ಜಾಕೆಟ್ ನನ್ನನ್ನು ಎತ್ತಿ ಹಿಡಿಯುತ್ತದೆಯೇ? ಮನೆಯವರೆಲ್ಲ ಹೊರಟಿದ್ದಾರೆ, ನನಗೊಬ್ಬಳಿಗೇ ಭಯ.
— ಗೃಹಿಣಿ, ಬಾಗಲಕೋಟೆ

72 ಕೆಜಿ ನೆಲದ ಮೇಲಿನ ತೂಕ. ನೀರು ನಿಮ್ಮ ದೇಹದ ಬಹುಪಾಲು ಭಾರವನ್ನು ತಾನೇ ಹೊರುತ್ತದೆ. ತಲೆ ಮೇಲಿರಲು ಇನ್ನು ಬೇಕಾದದ್ದು ನಾಲ್ಕೈದು ಕೆಜಿಯ ಎತ್ತುವ ಬಲ. ರಾಫ್ಟಿಂಗಿನ ಒಳ್ಳೆಯ ಜಾಕೆಟ್ 7ರಿಂದ 10 ಕೆಜಿ ಎತ್ತುತ್ತದೆ. ಆದ್ದರಿಂದ ತೂಕದ ಚಿಂತೆ ಬಿಡಿ, ಅಳತೆಯ ಚಿಂತೆ ಮಾಡಿ. ಜಾಕೆಟ್ ನೋಡಬೇಕಾದದ್ದು ಎದೆಯ ಸುತ್ತಳತೆಗೆ. ಎಲ್ಲ ಬಕಲ್ ಹಾಕಿ, ಪಟ್ಟಿಗಳನ್ನು ಕೆಳಗಿನಿಂದ ಮೇಲಕ್ಕೆ ಬಿಗಿ ಮಾಡಿ. ಆಮೇಲೆ ಜತೆಯವರಿಗೆ ಭುಜದ ಪಟ್ಟಿ ಹಿಡಿದು ಜೋರಾಗಿ ಮೇಲಕ್ಕೆ ಎತ್ತಲು ಹೇಳಿ. ಜಾಕೆಟ್ ಗದ್ದ ದಾಟಿ ಕಿವಿಯವರೆಗೆ ಬಂದರೆ ನೀರಿನಲ್ಲೂ ಬರುತ್ತದೆ. ಚಿಕ್ಕ ಅಳತೆಯದು ಕೇಳಿ. ಒಳಗಿನ ಫೋಮನ್ನು ಬೆರಳಿನಿಂದ ಒತ್ತಿ ನೋಡಿ. ಒತ್ತಿದ ತಗ್ಗು ಹಾಗೇ ಉಳಿದರೆ ಅದು ಹಳತಾಗಿದೆ.

ಸೀರೆ, ದುಪಟ್ಟಾ, ಜೀನ್ಸ್ ಬೇಡ. ತೆಳು ಟ್ರ್ಯಾಕ್ ಪ್ಯಾಂಟು, ಟೀ ಶರ್ಟು ಸಾಕು. ಮಂಗಳಸೂತ್ರ, ಬಳೆ, ಉಂಗುರ ಲಾಕರಿನಲ್ಲಿಡಿ. ಹಿಂದೆ ಬೆಲ್ಟಿರುವ ಸ್ಯಾಂಡಲ್ ಹಾಕಿಕೊಳ್ಳಿ. ಕನ್ನಡಕಕ್ಕೆ ಹಿಂದಿನಿಂದ ಎಲಾಸ್ಟಿಕ್ ಕಟ್ಟಿ.

ನೀರಿಗೆ ಬಿದ್ದರೆ ಮಾಡಬೇಕಾದದ್ದನ್ನು ಹಿಂದಿನ ರಾತ್ರಿ ಹಾಸಿಗೆಯ ಮೇಲೆ ಅಂಗಾತ ಮಲಗಿಯೇ ರೂಢಿ ಮಾಡಬಹುದು. ಬೆನ್ನ ಮೇಲೆ ತೇಲಿ, ಕಾಲು ಹೊಳೆ ಹರಿಯುವ ದಿಕ್ಕಿಗೆ, ಕಾಲ್ಬೆರಳು ನೀರಿನ ಮೇಲೆ ಕಾಣುವಂತೆ. ಬಂಡೆ ಬಂದರೆ ಪಾದ ತಾಗಲಿ, ತಲೆ ಬೇಡ. ಅಲೆಯ ತಗ್ಗಿನಲ್ಲಿ ಉಸಿರು ಎಳೆಯಿರಿ, ಅಲೆ ಮುಖದ ಮೇಲೆ ಬರುವಾಗ ಬಾಯಿ ಮುಚ್ಚಿ. ಈಜು ಬಾರದವರಿಗೆ ಆಗುವ ದೊಡ್ಡ ಅನಾಹುತ ಮುಳುಗಿದ್ದರಿಂದ ಅಲ್ಲ, ನಿಲ್ಲಲು ಹೋದದ್ದರಿಂದ. ಕಾಲಿಗೆ ನೆಲ ಸಿಕ್ಕಿತೆಂದು ಸೆಳವಿನ ನಡುವೆ ನಿಂತರೆ ಪಾದ ಎರಡು ಕಲ್ಲಿನ ಸಂದಿಗೆ ಹೋಗುತ್ತದೆ. ಹಿಂದಿನ ನೀರು ದೇಹವನ್ನು ಮುಂದಕ್ಕೆ ಮಡಚುತ್ತದೆ. ಮೊಣಕಾಲಿಗಿಂತ ಆಳದ ಹರಿವಿನಲ್ಲಿ ನಿಲ್ಲಲೇಬೇಡಿ. ನೀರು ನಿಂತಿರುವ ಜಾಗಕ್ಕೆ ಬಂದ ಮೇಲೆ ನಿಲ್ಲಿ.

ನಿಮ್ಮನ್ನು ಎಳೆದುಕೊಳ್ಳಲು ಗೈಡ್ ಹಗ್ಗ ತುಂಬಿದ ಚೀಲ ಎಸೆದರೆ ಚೀಲವನ್ನಲ್ಲ, ಹಗ್ಗವನ್ನು ಹಿಡಿಯಿರಿ. ಎದೆಗೆ ಒತ್ತಿ ಹಿಡಿದು, ಎಳೆಯುವವರಿಗೆ ಬೆನ್ನು ಕೊಟ್ಟು ಮಲಗಿ. ಕೈಗೆ ಸುತ್ತಿಕೊಳ್ಳಬೇಡಿ.

ಭುಜ ಕಳಚಿದ ಇತಿಹಾಸ, ಹೃದಯದ ತೊಂದರೆ, ಮೂರ್ಛೆ ರೋಗ, ಗರ್ಭ, ಹೊಸ ಆಪರೇಶನ್ ಇದ್ದರೆ ಮಾತ್ರ ದಂಡೆಯಲ್ಲಿ ಕೂತು ಚಹಾ ಕುಡಿಯಿರಿ.

ವಿಜಯಪುರದಿಂದ ಒಂದೇ ದಿನದಲ್ಲಿ ಹೋಗಿಬರಬಹುದೆ? ಬೇಸಿಗೆಯಲ್ಲಿ ನಮ್ಮ ಕಡೆಯ ಹೊಳೆಗಳೆಲ್ಲ ಬತ್ತಿರುವಾಗ ಕಾಳಿಯಲ್ಲಿ ನೀರು ಎಲ್ಲಿಂದ?
— ಬ್ಯಾಂಕ್ ನೌಕರ, ವಿಜಯಪುರ

ಹೋಗಿಬರುವ ಆಸೆ ಬಿಡಿ. ರಾತ್ರಿ ನಿದ್ದೆಗೆಟ್ಟು ಐದಾರು ಗಂಟೆ ಗಾಡಿಯಲ್ಲಿ ಕೂತವರು ದೋಣಿಯ ಹುಟ್ಟು ಹಾಕಲಾರರು. ಹಿಂದಿನ ಸಂಜೆಯೇ ಧಾರವಾಡ, ಹಳಿಯಾಳ ದಾಟಿ ದಾಂಡೇಲಿಯಲ್ಲಿ ಉಳಿಯಿರಿ. ಬೆಳಗಾವಿಯವರಿಗೆ ಒಂದು ದಿನ ಸಾಕು: ಖಾನಾಪುರ, ಲೋಂಡಾ, ರಾಮನಗರದ ಮೇಲೆ ನಸುಕಿಗೆ ಹೊರಟರೆ ಬೆಳಗಿನ ಸರದಿಗೆ ರಾಫ್ಟ್ ಹೊರಡುವ ಗಣೇಶಗುಡಿ ಮುಟ್ಟಬಹುದು.

ನೀರು ಸೂಪಾ ಅಣೆಕಟ್ಟಿನದು. ಅದರ ಬುಡದಲ್ಲೇ 50 ಮೆಗಾವಾಟಿನ ಎರಡು ಘಟಕಗಳ ವಿದ್ಯುತ್ ಮನೆ ಇದೆ. ಟರ್ಬೈನ್ ತಿರುಗಿದಾಗ ಹೊರಬಂದ ನೀರೇ ಕೆಳಗಿನ ನೊರೆ ಇಳಿಜಾರುಗಳಿಗೆ, ಅಂದರೆ ರ‍್ಯಾಪಿಡ್‌ಗಳಿಗೆ ಜೀವ. ಹಾಗಾಗಿ ಮಳೆ ಮುಗಿದ ಮೇಲಿನಿಂದ ಬೇಸಿಗೆಯ ತನಕ ಋತು. ಟರ್ಬೈನ್ ನಿಂತರೆ ಬಂಡೆ ಎದ್ದು ಕಾಣುತ್ತದೆ, ರಾಫ್ಟ್ ಉಜ್ಜುತ್ತದೆ. ಬುಕಿಂಗ್ ಮಾಡುವಾಗ ‘ರೇಟು ಎಷ್ಟು’ ಎಂಬುದರ ಜತೆ ‘ನಾಳೆ ನೀರು ಎಷ್ಟು ಹೊತ್ತಿಗೆ ಬಿಡುತ್ತಾರೆ’ ಎಂದೂ ಕೇಳಿ. ಬೆಳಿಗ್ಗೆ ಒಗ್ಗರಣೆ ಅವಲಕ್ಕಿ ಒಂದು ತಟ್ಟೆ ಸಾಕು. ರೊಟ್ಟಿ, ಶೇಂಗಾ ಚಟ್ನಿ, ಮೊಸರು ಎಲ್ಲ ನೀರಿನಿಂದ ಎದ್ದ ಮೇಲೆ.

ಮಳೆಗಾಲದಲ್ಲೇ ಮಾಡಬೇಕೆಂದರೆ?
— ಖಾನಾಪುರ

ನಿಮ್ಮ ತಾಲೂಕಿನ ಭೀಮಗಡ ಕಾಡಿನಲ್ಲಿ ಹುಟ್ಟುವ ಮಹದಾಯಿ ಗಡಿ ದಾಟಿ ಗೋವಾದ ಸತ್ತರಿ ತಾಲೂಕಿಗೆ ಇಳಿಯುತ್ತದೆ. ವಾಳಪೈ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ರಾಫ್ಟಿಂಗ್ ನಡೆಯುತ್ತದೆ. ಚೋರ್ಲಾ ಘಾಟಿನ ದಾರಿ. ಕೊಡಗಿನ ಬರಪೊಳೆ ಇನ್ನೂ ಒರಟು, ಮೊದಲ ಸಲದವರಿಗೆ ಅಲ್ಲ.

ಗೈಡ್ ಇಂಗ್ಲಿಷಿನಲ್ಲಿ ಕೂಗುತ್ತಾರಂತೆ. ಏನೇನು ಕೂಗುತ್ತಾರೆ, ಜನ ಎಲ್ಲಿ ತಪ್ಪುತ್ತಾರೆ?
— ಪ್ರೌಢಶಾಲಾ ಶಿಕ್ಷಕ, ರಾಮದುರ್ಗ

ಆರೇಳು ಮಾತು, ಅಷ್ಟೇ. ‘ಫಾರ್ವರ್ಡ್’ ಎಂದರೆ ಸೊಂಟದಿಂದ ಮುಂದೆ ಬಾಗಿ, ಹುಟ್ಟಿನ ಅಲಗು ಪೂರ್ತಿ ಮುಳುಗಿಸಿ, ನಿಮ್ಮ ತೊಡೆಯವರೆಗೆ ಎಳೆಯುವುದು. ಬೆನ್ನು ಎಳೆಯಬೇಕು, ಬರೀ ತೋಳಿನಲ್ಲಿ ಎಳೆದವರು ಅರ್ಧ ಗಂಟೆಗೆ ಸೋಲುತ್ತಾರೆ. ‘ಬ್ಯಾಕ್’ ಅದರ ಉಲ್ಟಾ. ‘ಸ್ಟಾಪ್’ ಎಂದರೆ ಹುಟ್ಟು ಮಡಿಲಿಗೆ. ‘ಗೆಟ್ ಡೌನ್’ ಎಂದರೆ ಒಳಗೆ ಜಾರಿ ಕೂತು ಹಗ್ಗ ಹಿಡಿಯುವುದು.

ತಾಳ ತಪ್ಪುವುದು ಮೊದಲ ತಪ್ಪು. ಎಲ್ಲರೂ ಮುಂದೆ ಕೂತ ಇಬ್ಬರ ಹುಟ್ಟನ್ನೇ ನೋಡಬೇಕು; ಆ ಇಬ್ಬರು ಒಬ್ಬರನ್ನೊಬ್ಬರು. ಎರಡನೆಯದು, ದೊಡ್ಡ ಅಲೆ ಕಂಡಾಗ ಹುಟ್ಟು ಮೇಲೆತ್ತಿ ಕಿರುಚುವುದು. ಕಿರುಚಿ, ಅಡ್ಡಿಯಿಲ್ಲ. ಹುಟ್ಟು ಮಾತ್ರ ನೀರಿನಲ್ಲಿರಲಿ, ಅದು ನಿಮ್ಮ ಊರುಗೋಲು. ಮೂರನೆಯದಕ್ಕೆ ಹಲ್ಲು ಬೆಲೆ ತೆರುತ್ತದೆ: ಹುಟ್ಟಿನ ಮೇಲ್ತುದಿಯ ಟಿ ಆಕಾರದ ಹಿಡಿಯಿಂದ ಕೈ ತೆಗೆದರೆ ಅದು ತೂರಾಡಿ ಪಕ್ಕದವರ ಬಾಯಿಗೆ ಬಡಿಯುತ್ತದೆ. ರಾಫ್ಟಿಂಗಿನ ಗಾಯಗಳಲ್ಲಿ ಇದು ತೀರಾ ಮಾಮೂಲು.

ಒಂದು ಮಾತಿಗೆ ಮಾತ್ರ ಯೋಚಿಸಲು ಸಮಯವಿಲ್ಲ: ‘ಹೈ ಸೈಡ್’. ರಾಫ್ಟ್ ಅಡ್ಡವಾಗಿ ಬಂಡೆಗೆ ಬಡಿದಾಗ ಮನುಷ್ಯ ಸಹಜವಾಗಿ ಬಂಡೆಯಿಂದ ದೂರ ವಾಲುತ್ತಾನೆ. ಆಗ ಮೇಲ್ಹೊಳೆಯ ಕಡೆಯ ಅಂಚು ತಗ್ಗಿ ನೀರು ಒಳಗೆ ನುಗ್ಗುತ್ತದೆ, ರಾಫ್ಟ್ ಬಂಡೆಗೆ ರೊಟ್ಟಿ ಅಂಟಿದಂತೆ ಅಂಟುತ್ತದೆ. ಮಾಡಬೇಕಾದದ್ದು ತದ್ವಿರುದ್ಧ: ಎಲ್ಲರೂ ಬಂಡೆಯ ಕಡೆಗೇ ಹಾರಿ ಬಂಡೆಗೆ ತಾಗಿದ ಅಂಚಿನ ಮೇಲೆ ಭಾರ ಹಾಕಬೇಕು.

ರಾಫ್ಟ್ ಮಗುಚಿ ನೀವು ಅಡಿಗೆ ಸಿಕ್ಕರೆ ಎರಡೂ ಕೈ ಮೇಲೊತ್ತಿ, ಒಂದೇ ದಿಕ್ಕಿಗೆ ಕೈಯಿಂದ ನಡೆದುಕೊಂಡು ಹೊರಬನ್ನಿ. ದಿಕ್ಕು ಬದಲಿಸಬೇಡಿ.

ಕಾಳಿಯಲ್ಲಿ ಮೊಸಳೆ ಇಲ್ಲವೆ?
— ಜಮಖಂಡಿ

ಇವೆ. ನಿಮ್ಮ ಕೃಷ್ಣೆಯಲ್ಲೂ ಇವೆ. ಮೊಸಳೆಗೆ ಬೇಕಾದದ್ದು ನಿಧಾನದ ಮಡುವು, ಬಿಸಿಲು ಕಾಯಿಸಲು ದಂಡೆ. ನೊರೆಗಟ್ಟಿ ಹರಿಯುವ ಇಳಿಜಾರು ಅದಕ್ಕೆ ಒಗ್ಗದು. ರಾಫ್ಟಿಂಗ್ ಮುಗಿಸಿ ಬಂದು ದಾಂಡೇಲಿ ಊರಿನ ಹತ್ತಿರ ಹೊಳೆಗೆ ಕೈಕಾಲು ತೊಳೆಯಲು ಇಳಿಯುತ್ತಾರಲ್ಲ, ಅವರೇ ಹೆಚ್ಚು ಎಚ್ಚರ ವಹಿಸಬೇಕು.

ಹತ್ತುವ ಮೊದಲು ರಾಫ್ಟನ್ನು ನಾವೇ ಪರೀಕ್ಷೆ ಮಾಡಬಹುದೆ?
— ಅಥಣಿ

ಧಾರಾಳವಾಗಿ. ಸಾಮಾನ್ಯ ರಾಫ್ಟ್ ಸುಮಾರು 14 ಅಡಿ ಉದ್ದ. ಎಂಟು ಜನ, ಹಿಂದೆ ಗೈಡ್. ಹೊರಗಿನ ದೊಡ್ಡ ಟ್ಯೂಬು ಒಳಗೇ ಪರದೆ ಹಾಕಿ ನಾಲ್ಕು ಕೋಣೆ ಮಾಡಿರುತ್ತದೆ. ಒಂದು ಹರಿದರೂ ಉಳಿದವು ತೇಲಿಸುತ್ತವೆ. ನಾಲ್ಕೂ ಕಡೆ ಮುಷ್ಟಿಯಿಂದ ಒತ್ತಿ: ಒಂದು ಕಡೆ ಮೆತ್ತಗಿದ್ದರೆ ಅಲ್ಲಿ ಸೋರಿಕೆ ಇದೆ. ತಳ ಗಾಳಿ ತುಂಬಿದ ಹಾಸಿಗೆ. ಅದನ್ನು ಅಂಚಿಗೆ ಹಗ್ಗದಿಂದ ಹೆಣೆದಿರುತ್ತಾರೆ, ಒಳಬಂದ ನೀರು ಆ ತೂತುಗಳಿಂದ ತಾನೇ ಇಳಿಯುತ್ತದೆ. ತೂತು ಎಂದು ಗಾಬರಿಯಾಗಬೇಡಿ. ಸುತ್ತಲಿನ ಹಿಡಿ ಹಗ್ಗ ಬಿಗಿಯಾಗಿರಬೇಕು. ಜೋಲುವ ಹಗ್ಗಕ್ಕೆ ಕಾಲು ಸಿಕ್ಕುತ್ತದೆ. ಗೈಡ್ ಹತ್ತಿರ ಹಗ್ಗದ ಚೀಲ, ಚಾಕು, ಸೀಟಿ ಇವೆಯೇ ನೋಡಿ. ಹೆಲ್ಮೆಟ್ಟಿನ ಗದ್ದದ ಪಟ್ಟಿಯಲ್ಲಿ ಎರಡು ಬೆರಳಿಗಿಂತ ಹೆಚ್ಚು ಸಡಿಲ ಬೇಡ.

ದಂಡೆಯ ಬಿಸಿಲಿನಲ್ಲಿ ಟ್ಯೂಬು ಕಲ್ಲಿನಂತೆ ಗಟ್ಟಿಯಾಗಿ ಕಂಡರೆ ಮೋಸ ಹೋಗಬೇಡಿ. ಒಳಗಿನ ಗಾಳಿ ಕಾದು ಹಿಗ್ಗಿರುತ್ತದೆ. ತಣ್ಣೀರಿಗೆ ಇಳಿಸಿದ ಹತ್ತು ನಿಮಿಷಕ್ಕೆ ಮೆತ್ತಗಾಗುತ್ತದೆ, ಮೆತ್ತಗಿನ ರಾಫ್ಟ್ ಅಲೆಯ ನಡುವೆ ಮಡಚಿಕೊಳ್ಳುತ್ತದೆ. ಬಲ್ಲ ಗೈಡ್ ನೀರಿಗೆ ಇಳಿಸಿದ ಮೇಲೆ ಇನ್ನೊಮ್ಮೆ ಪಂಪ್ ಹೊಡೆದು, ಆಮೇಲೆ ನಿಮ್ಮನ್ನು ಹತ್ತಿಸಿಕೊಳ್ಳುತ್ತಾನೆ.